ಖರೆ ಏನ್ರಿ ಇದು?

ಆಲಮಟ್ಟಿ ಅಣೆಕಟ್ಟಿನ ಎತ್ತರ ಎಷ್ಟು? ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಕೇಳಿದರೂ ಮುದ್ದೇಬಿಹಾಳದ ಚಹಾದಂಗಡಿಯಲ್ಲಿ ಕೇಳಿದರೂ ಹಲವರ ಬಾಯಿಂದ ಥಟ್ಟನೆ ಬರುವ ಉತ್ತರ 519 ಮೀಟರ್. ಮಳೆಗಾಲ ಬಂತೆಂದರೆ ಟಿವಿ ಪರದೆಯ ಕೆಳಗೆ ಓಡುವ ಅಂಕಿ ಅದು, 519.60. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿದ್ದೂ ಇಲ್ಲಿಯವರಿಗೆ ಬಾಯಿಪಾಠ. ಅಂಕಿಯಲ್ಲಿ ತಪ್ಪಿಲ್ಲ. ಆದರೆ ಅದು ಅಣೆಕಟ್ಟಿನ ಎತ್ತರವಲ್ಲ, ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟಕ್ಕಿಂತ ಎಷ್ಟು ಮೇಲಿರುತ್ತದೆ ಎಂಬ ಲೆಕ್ಕ. ಕಟ್ಟೆ ತಳಪಾಯದಿಂದ ಎದ್ದಿರುವುದು ಸುಮಾರು ಐವತ್ತು ಮೀಟರ್ ಮಾತ್ರ.

ನಿಜಕ್ಕೂ 519 ಮೀಟರ್ ಎತ್ತರದ ಕಟ್ಟೆ ಇದ್ದಿದ್ದರೆ ಏಳು ಕುತುಬ್ ಮಿನಾರುಗಳನ್ನು ಒಂದರ ತಲೆಯ ಮೇಲೊಂದು ನಿಲ್ಲಿಸಿದರೂ ಅದರ ತುದಿ ಮುಟ್ಟುತ್ತಿರಲಿಲ್ಲ. ದೇಶದಲ್ಲೇ ಎತ್ತರದ್ದೆನಿಸಿದ ಟೆಹ್ರಿ ಅಣೆಕಟ್ಟು 260 ಮೀಟರ್. ಚೀನಾದ ದೈತ್ಯ ಜಿನ್‌ಪಿಂಗ್ ಅಣೆಕಟ್ಟೇ 305. ಆಲಮಟ್ಟಿಗೆ ಹೋಗಿ ಕಟ್ಟೆಯ ಕೆಳಗಿನ ಉದ್ಯಾನದಲ್ಲಿ ನಿಂತು ಕತ್ತೆತ್ತಿ ನೋಡಿ ಬಂದವರೂ 519 ಎಂದೇ ಹೇಳುತ್ತಾರೆ. ಕಣ್ಣು ಕಂಡದ್ದಕ್ಕಿಂತ ಕಿವಿ ಕೇಳಿದ್ದರ ಮೇಲೆ ನಂಬಿಕೆ ಹೆಚ್ಚು.

ಸೋಜಿಗದ ಸಂಗತಿಗಳು ಕೆಡುವುದು ಹೆಚ್ಚಾಗಿ ಹೀಗೆಯೇ. ಯಾರೋ ಕೂತು ಸುಳ್ಳು ಹೆಣೆಯುವುದು ಅಪರೂಪ. ಒಂದು ಸರಿಯಾದ ಮಾತು ಊರಿಂದೂರಿಗೆ ಹೋಗುವಾಗ ಅದಕ್ಕೆ ಕಟ್ಟಿದ್ದ ಷರತ್ತೊಂದು ದಾರಿಯಲ್ಲಿ ಬಿದ್ದುಹೋಗುತ್ತದೆ. ‘ಸಮುದ್ರಮಟ್ಟದಿಂದ’ ಎಂಬುದು ಬಿತ್ತು, 519 ಉಳಿಯಿತು. ‘ಆ ಕಾಲಕ್ಕೆ’, ‘ಈ ಅಳತೆಯಲ್ಲಿ’, ‘ಎಂದು ಹೇಳುತ್ತಾರೆ’ ಎಂಬವೂ ಹೀಗೇ ಬೀಳುವ ಮಾತುಗಳು. ಅವನ್ನು ಹುಡುಕಿ ಮತ್ತೆ ಜೋಡಿಸಿದರೆ ಸಂಗತಿ ಸಪ್ಪೆಯಾಗಬೇಕು ಅಲ್ಲವೇ? ವಿಜಯಪುರ ಜಿಲ್ಲೆಯ ಉದಾಹರಣೆಗಳನ್ನು ನೋಡಿದರೆ ಆಗುವುದು ಅದರ ತಿರುಗಾಮುರುಗಾ.

ಅದೇ ಆಲಮಟ್ಟಿಯ ಇನ್ನೊಂದು ಸಂಗತಿ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಇದಕ್ಕೆ ಅಡಿಗಲ್ಲು ಹಾಕಿದರು ಎಂದು ಓದಿದವರಿದ್ದಾರೆ, ಬರೆದವರೂ ಇದ್ದಾರೆ. ಜಲಾಶಯಕ್ಕೆ ಅವರ ಹೆಸರೇ ಇರುವುದರಿಂದ ಅನುಮಾನಕ್ಕೆ ಎಡೆಯೇ ಇಲ್ಲ. ಆದರೆ ಅಡಿಗಲ್ಲು ಬಿದ್ದದ್ದು 1964ರ ಮೇ 22ರಂದು. ಆಗ ನೆಹರೂ ಬದುಕಿದ್ದರು, ಶಾಸ್ತ್ರಿ ಅವರ ಸಂಪುಟದಲ್ಲಿ ಸಚಿವರು. ಐದು ದಿನಕ್ಕೆ ನೆಹರೂ ತೀರಿಕೊಂಡರು. ಜೂನ್ 9ಕ್ಕೆ ಶಾಸ್ತ್ರಿ ಪ್ರಧಾನಿಯಾದರು. ಅಂದರೆ ಕೃಷ್ಣೆಯ ದಡದಲ್ಲಿ ಕಲ್ಲಿಟ್ಟು ಹೋದ ಮಂತ್ರಿ ಮೂರು ವಾರದೊಳಗೆ ದೇಶದ ಚುಕ್ಕಾಣಿ ಹಿಡಿದಿದ್ದರು. ‘ಪ್ರಧಾನಿ ಅಡಿಗಲ್ಲು ಹಾಕಿದರು’ ಎಂಬ ಮಾಮೂಲು ವಾಕ್ಯಕ್ಕಿಂತ ಈ ತಾರೀಖುಗಳಲ್ಲೇ ಕಥೆ ಹೆಚ್ಚಿದೆ. ಅಣೆಕಟ್ಟು ಲೋಕಾರ್ಪಣೆಯಾಗಲು 2006ರ ತನಕ ಕಾಯಬೇಕಾಯಿತು. ಅದನ್ನು ಮಾಡಿದವರು ರಾಷ್ಟ್ರಪತಿ ಅಬ್ದುಲ್ ಕಲಾಂ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಯಾವ ಕಡೆಯ ಶಾಲಾ ಮಕ್ಕಳಾದರೂ ಪ್ರವಾಸಕ್ಕೆ ಮೊದಲು ಹೋಗುವುದು ಗೋಳಗುಮ್ಮಟಕ್ಕೆ. ಹೋಗಿ ಬರುವಾಗ ಎರಡು ಸಂಗತಿಗಳನ್ನು ಹೊತ್ತು ತರುತ್ತಾರೆ. ಒಂದು, ಇದು ರೋಮಿನ ಸೇಂಟ್ ಪೀಟರ್ಸ್ ಬಿಟ್ಟರೆ ಜಗತ್ತಿನಲ್ಲೇ ಎರಡನೆಯ ದೊಡ್ಡ ಗುಮ್ಮಟ. ಇನ್ನೊಂದು, ಇಲ್ಲಿ ಒಮ್ಮೆ ಕೂಗಿದರೆ ಏಳು ಬಾರಿ ಕೇಳಿಸುತ್ತದೆ. ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಮೊದಲನೆಯದು ಎಷ್ಟು ಬಾರಿ ಅಚ್ಚಾಗಿದೆಯೋ ಲೆಕ್ಕ ಇಟ್ಟವರಿಲ್ಲ.

ಒಳಗಿನ ವ್ಯಾಸ ಅಳೆದರೆ ಗೋಳಗುಮ್ಮಟದ್ದು ಸುಮಾರು 38 ಮೀಟರ್. ಸೇಂಟ್ ಪೀಟರ್ಸ್ ಸುಮಾರು 42. ಇಷ್ಟಕ್ಕೇ ನಿಲ್ಲಿಸಿದರೆ ಒಂದು, ಎರಡು ಎಂದು ಹೇಳಬಹುದಿತ್ತು. ಆದರೆ ಅದೇ ರೋಮಿನಲ್ಲಿ, ಸೇಂಟ್ ಪೀಟರ್ಸ್‌ಗಿಂತ ಹದಿನಾಲ್ಕು ಶತಮಾನಗಳಷ್ಟು ಹಳೆಯ ಪ್ಯಾಂಥಿಯನ್ ಇದೆ, ಅದರದು 43.3 ಮೀಟರ್. ಫ್ಲಾರೆನ್ಸ್ ನಗರದ ಇಗರ್ಜಿಯ ಗುಮ್ಮಟ ಅದಕ್ಕಿಂತ ತುಸು ದೊಡ್ಡದು. ಹಾಗಾಗಿ ಹಳೆಯ ಗುಮ್ಮಟಗಳನ್ನಷ್ಟೇ ತೆಗೆದುಕೊಂಡರೂ ವ್ಯಾಸದಲ್ಲಿ ನಮ್ಮದಕ್ಕೆ ಎರಡನೆಯ ಸ್ಥಾನ ಸಿಗುವುದಿಲ್ಲ. ಹೊಸ ಕಾಲದ ಉಕ್ಕಿನ ಕ್ರೀಡಾಂಗಣಗಳನ್ನು ಸೇರಿಸಿದರಂತೂ ಪಟ್ಟಿಯಲ್ಲಿ ಎಲ್ಲೋ ಕೆಳಗೆ. ಭಾರತದೊಳಗೂ ಈಗ ಮೊದಲಿನದಲ್ಲ. ಮುಂಬೈ ಹತ್ತಿರದ ಗೊರಾಯಿಯಲ್ಲಿ 2009ರಲ್ಲಿ ತೆರೆದ ವಿಪಶ್ಯನಾ ಪಗೋಡದ ಕಲ್ಲಿನ ಗುಮ್ಮಟ ಸುಮಾರು 85 ಮೀಟರ್ ಅಗಲವಿದೆ, ಅದಕ್ಕೂ ನಡುವೆ ಕಂಬಗಳಿಲ್ಲ.

ಇಲ್ಲಿಗೆ ಬಿಟ್ಟರೆ ಗೋಳಗುಮ್ಮಟಕ್ಕೆ ಅನ್ಯಾಯವಾಗುತ್ತದೆ, ಏಕೆಂದರೆ ಅಳತೆಗೋಲು ಒಂದೇ ಅಲ್ಲ. ಪ್ಯಾಂಥಿಯನ್ನಿನ ನೆಲ ದುಂಡಗಿದೆ. ಗೋಳಗುಮ್ಮಟದ್ದು ಚೌಕ, ಒಳಗಿನ ಒಂದೊಂದು ಬದಿಯೂ 41 ಮೀಟರಿಗೆ ಮಿಕ್ಕಿದೆ. ಒಂದೇ ಗುಮ್ಮಟದಡಿ ಎಷ್ಟು ನೆಲ ಬಯಲಾಗಿ ಸಿಗುತ್ತದೆ ಎಂದು ಲೆಕ್ಕ ಹಾಕಿದರೆ ಪ್ಯಾಂಥಿಯನ್ನಿನದು 15,800 ಚದರಡಿ ಆಸುಪಾಸು, ಗೋಳಗುಮ್ಮಟದ್ದು 18,000ಕ್ಕೂ ಹೆಚ್ಚು. ಈ ಲೆಕ್ಕದಲ್ಲಿ ವಿಜಯಪುರವೇ ಮುಂದು! ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಕೂರಿಸಲು ಮಹಮ್ಮದ್ ಆದಿಲ್‌ಶಾಹನ ಕಾಲದ ಶಿಲ್ಪಿಗಳು ಎಂಟು ದೊಡ್ಡ ಕಮಾನುಗಳನ್ನು ಒಂದನ್ನೊಂದು ಹಾಯುವಂತೆ ಕಟ್ಟಿ, ಮೂಲೆಗಳನ್ನು ಒಳಕ್ಕೆ ಎಳೆದರು. ಗುಮ್ಮಟದ ಭಾರ ಹೊರಕ್ಕೆ ಒದೆಯುವುದನ್ನು ಆ ಕಮಾನುಗಳ ತೂಕವೇ ಒಳಕ್ಕೆ ತಡೆದು ಹಿಡಿಯಿತು. ‘ಎರಡನೆಯ ದೊಡ್ಡದು’ ಎಂಬ ಬಿರುದಿನ ಗದ್ದಲದಲ್ಲಿ ಮಕ್ಕಳಿಗೆ ಕೇಳಿಸದೆ ಹೋಗುವುದು ಈ ಕಮಾನುಗಳ ಕಥೆ.

ಇನ್ನು ಏಳು ಪ್ರತಿಧ್ವನಿ. ಗೈಡುಗಳು ಏಳು ಎನ್ನುತ್ತಾರೆ, ಕೆಲವು ಪುಸ್ತಕಗಳು ಹತ್ತು ಎನ್ನುತ್ತವೆ. ಮೇಲಿನ ಸುತ್ತು ಮೊಗಸಾಲೆಯ ಒಂದು ಕಡೆಯಿಂದ ಹೊರಟ ಸದ್ದು ಎದುರು ಗೋಡೆಗೆ ಬಡಿದು ಮರಳಲು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಹೊತ್ತು ಸಾಕು. ಪ್ರತಿ ಸುತ್ತಿಗೂ ಅದು ಸೊರಗುತ್ತ ಹೋಗುತ್ತದೆ. ಎಷ್ಟನೆಯ ಸುತ್ತಿನವರೆಗೆ ಕಿವಿಗೆ ಬೀಳುತ್ತದೆ ಎಂಬುದು ಕೂಗಿದವರ ಗಂಟಲು, ಕೇಳುವವರ ಕಿವಿ, ಸುತ್ತಲಿನ ಗಲಾಟೆ ಮೂರನ್ನೂ ಅವಲಂಬಿಸಿದೆ. ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋದವರಿಗೆ ಏಳಕ್ಕಿಂತ ಹೆಚ್ಚು ಕೇಳೀತು. ಡಿಸೆಂಬರಿನ ಮಧ್ಯಾಹ್ನ ನಾಲ್ಕು ಶಾಲೆಗಳ ಮಕ್ಕಳು ಒಟ್ಟಿಗೆ ಕಿರುಚುವಾಗ ಒಂದೂ ಕೇಳಿಸಲಿಕ್ಕಿಲ್ಲ.

ಕೆಲವು ಸಂಗತಿಗಳು ಹುಟ್ಟುವಾಗ ನಿಜ, ಆಮೇಲೆ ಹಳಸುತ್ತವೆ. ಐದು ನದಿಗಳ ಜಿಲ್ಲೆ ಎಂಬ ಹೆಗ್ಗಳಿಕೆ ಅಂಥದ್ದು. ಕೃಷ್ಣಾ, ಭೀಮಾ, ಡೋಣಿ, ಘಟಪ್ರಭಾ, ಮಲಪ್ರಭಾ ಐದೂ ಹರಿಯುತ್ತಿದ್ದದ್ದು ಅಖಂಡ ಜಿಲ್ಲೆಯಲ್ಲಿ. 1997ರಲ್ಲಿ ಬಾಗಲಕೋಟೆ ಬೇರೆಯಾದಾಗ ಕೊನೆಯ ಎರಡು ಅತ್ತ ಹೋದವು. ಬಿರುದು ಇಲ್ಲೇ ಉಳಿಯಿತು. ಜಿಲ್ಲೆಗೆ ಐದು ತಾಲ್ಲೂಕು ಎಂದು ಹಳೆಯ ಪುಸ್ತಕ ಓದಿದವರು ಈಗಲೂ ಬರೆಯುತ್ತಾರೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ಆಲಮೇಲ ಮತ್ತು ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ಕೊಲ್ಹಾರ ಮತ್ತು ನಿಡಗುಂದಿ ಒಡೆದು ಬಂದು ವರ್ಷಗಳಾದವು. ಅತಿ ಹೆಚ್ಚು ಜ್ಞಾನಪೀಠ ಕನ್ನಡಕ್ಕೇ ಬಂದಿದೆ ಎಂಬ ಮಾತು 1998ರಲ್ಲಿ ಗಿರೀಶ ಕಾರ್ನಾಡರಿಗೆ ಏಳನೆಯದು ಸಿಕ್ಕಾಗ ನಿಜವಾಗಿತ್ತು. ಈಗ ಕನ್ನಡದ್ದು ಎಂಟು, ಹಿಂದಿಯದು ಹತ್ತನ್ನು ದಾಟಿದೆ. ನವೆಂಬರ್ ಒಂದರ ಭಾಷಣಕಾರರಿಗೆ ಇದನ್ನು ಹೇಳುವ ಧೈರ್ಯ ಯಾರಿಗೂ ಇಲ್ಲ.

ಮುದ್ದೇಬಿಹಾಳ ಸೀಮೆಯದು ಬೇರೆಯದೇ ಸಮಸ್ಯೆ. ಅಲ್ಲಿ ಸಂಗತಿಯ ವಿಳಾಸವೇ ತಪ್ಪಿದೆ. ವಿಜಯನಗರದ ಅಳಿಯ ರಾಮರಾಯ 1565ರ ಜನವರಿ 23ರಂದು ದಖ್ಖನಿನ ಸುಲ್ತಾನರ ಎದುರು ಸೋತು ಸತ್ತ ಯುದ್ಧ ಎಲ್ಲಿ ನಡೆಯಿತು? ತಾಳಿಕೋಟೆ ಎಂದು ನಾಲ್ಕು ತಲೆಮಾರು ಓದಿದೆ. ತಾಳಿಕೋಟೆಗೆ ಹೋದರೆ ಯುದ್ಧದ ಗುರುತು ಸಿಗುವುದಿಲ್ಲ. ಸುಲ್ತಾನರ ದಂಡು ಬೀಡುಬಿಟ್ಟದ್ದು ಅಲ್ಲಿ, ಹೊಡೆದಾಡಿದ್ದು ದೂರ, ಕೃಷ್ಣೆಯನ್ನು ದಾಟಿದ ಮೇಲೆ. ನದಿದಡದ ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರು ಕೂಡಿಸಿ ರಕ್ಕಸ-ತಂಗಡಗಿ ಯುದ್ಧ ಎಂದು ಈಗಿನ ಪಠ್ಯಗಳು ಕರೆಯುತ್ತವೆ. ಕಾಳಗದ ನಿಖರ ಬಯಲು ಯಾವುದು ಎಂದು ಇತಿಹಾಸಕಾರರು ಇನ್ನೂ ಚರ್ಚಿಸುತ್ತಾರೆ. ಹೀಗಿದ್ದೂ ಪರೀಕ್ಷೆಯಲ್ಲಿ ಖಾಲಿ ಜಾಗ ತುಂಬಿಸಲು ತಾಳಿಕೋಟೆಯೇ ಅನುಕೂಲ, ನಾಲ್ಕು ಅಕ್ಷರ, ಬಾಯಲ್ಲಿ ಸಲೀಸು. ಅಂದಹಾಗೆ ತಂಗಡಗಿಯನ್ನು ಈ ಭಾಗದ ಜನ ನೆನೆಯುವುದು ಯುದ್ಧಕ್ಕಾಗಿ ಅಲ್ಲ, ಬಸವಣ್ಣನವರ ಮಡದಿ ನೀಲಾಂಬಿಕೆ ಐಕ್ಯಳಾದ ಸ್ಥಳವೆಂದು.

ಬಸವಣ್ಣನವರ ಮಾತು ಬಂದಾಗ ಕೈ ತುಸು ನಡುಗುವುದು ಸಹಜ. ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂದು ಬಾಗೇವಾಡಿಯ ವೇದಿಕೆಯಿಂದ ಹಿಡಿದು ದೆಹಲಿಯ ವೇದಿಕೆಯವರೆಗೆ ಹೇಳಲಾಗಿದೆ. ಕಾಲದ ಲೆಕ್ಕಕ್ಕೆ ನಿಂತರೆ ಐಸ್‌ಲ್ಯಾಂಡಿನ ಆಲ್ಥಿಂಗ್ ಸಭೆ ಕ್ರಿ.ಶ. 930ರಷ್ಟು ಹಳೆಯದು, ತಮಿಳುನಾಡಿನ ಉತ್ತರಮೇರೂರಿನ ಶಾಸನಗಳಲ್ಲಿ ಗ್ರಾಮಸಭೆಗೆ ಸದಸ್ಯರನ್ನು ಆರಿಸುವ ವಿಧಾನ ದಾಖಲಾದದ್ದೂ ಹತ್ತನೆಯ ಶತಮಾನದಲ್ಲೇ. ಕಲ್ಯಾಣದ ಚಳವಳಿ ಹನ್ನೆರಡನೆಯ ಶತಮಾನದ್ದು. ಮಂಟಪದ ಗೋಷ್ಠಿಗಳ ವಿಸ್ತಾರವಾದ ಚಿತ್ರ ನಮಗೆ ಸಿಗುವುದು ಹದಿನೈದನೆಯ ಶತಮಾನದಲ್ಲಿ ಸಂಕಲನಗೊಂಡ ಶೂನ್ಯಸಂಪಾದನೆಗಳಿಂದ. ‘ಮೊದಲ’ ಎಂಬ ಪದಕ ಕಳಚಿಟ್ಟರೆ ಉಳಿಯುವುದೇನು? ಅಂಬಿಗರ ಚೌಡಯ್ಯ ದೋಣಿ ನಡೆಸುವವನು, ಮಡಿವಾಳ ಮಾಚಿದೇವ ಬಟ್ಟೆ ಒಗೆಯುವವನು, ಆಯ್ದಕ್ಕಿ ಲಕ್ಕಮ್ಮ ಬಿದ್ದ ಅಕ್ಕಿ ಆಯುವವಳು. ಇವರೆಲ್ಲ ತಮ್ಮ ಅಂಕಿತದಲ್ಲಿ ತಾವೇ ಮಾತಾಡಿದರು, ಆ ಮಾತುಗಳು ಉಳಿದು ಬಂದವು. ಐಸ್‌ಲ್ಯಾಂಡಿನ ಸಭೆ ನಾಯಕರದ್ದು, ಉತ್ತರಮೇರೂರಿನದ್ದು ಆಸ್ತಿವಂತರದ್ದು. ಮೊದಲನೆಯದೋ ಎರಡನೆಯದೋ ಎಂಬ ಓಟದ ಪಂದ್ಯಕ್ಕೆ ಅನುಭವ ಮಂಟಪವನ್ನು ಇಳಿಸುವ ಅಗತ್ಯ ಏನಿತ್ತೋ ತಿಳಿಯದು.

ಭಾಸ್ಕರಾಚಾರ್ಯರ ಊರಿನ ಜಗಳವೂ ಇಂಥದ್ದೇ. ಅವರು ಹುಟ್ಟಿದ ವರ್ಷದಲ್ಲಿ ಗೊಂದಲವಿಲ್ಲ. ಶಕ 1036, ಅಂದರೆ 1114 ಎಂದು ತಮ್ಮ ಗ್ರಂಥದಲ್ಲಿ ಅವರೇ ಬರೆದಿಟ್ಟಿದ್ದಾರೆ. ಊರು ವಿಜ್ಜಡವಿಡ ಎಂದೂ ಹೇಳಿದ್ದಾರೆ. ಅದು ನಮ್ಮ ವಿಜಯಪುರವೇ ಎಂಬುದು ಇಲ್ಲಿಯ ಬಹುಜನರ ನಂಬಿಕೆ. ಆದರೆ ಆ ಊರು ಸಹ್ಯಾದ್ರಿಯ ಆಸರೆಯಲ್ಲಿದೆ ಎಂಬ ವಿವರವೂ ಅಲ್ಲೇ ಇದೆ, ವಿಜಯಪುರದ ಬಯಲಿನಲ್ಲಿ ನಿಂತರೆ ಸಹ್ಯಾದ್ರಿ ಕಾಣುವುದಿಲ್ಲ. ಜೊತೆಗೆ ಅವರ ಮೊಮ್ಮಗ ಚಂಗದೇವನ 1207ರ ಶಾಸನ ಸಿಕ್ಕಿರುವುದು ಮಹಾರಾಷ್ಟ್ರದ ಜಳಗಾಂವ ಜಿಲ್ಲೆಯ ಚಾಳೀಸಗಾಂವ ಹತ್ತಿರದ ಪಾಟಣದಲ್ಲಿ. ಹಾಗಾಗಿ ಹಲವು ವಿದ್ವಾಂಸರು ಅತ್ತ ವಾಲುತ್ತಾರೆ. ಇನ್ನು ಲೀಲಾವತಿ ಅವರ ಮಗಳು, ಮದುವೆಯ ಮುಹೂರ್ತಕ್ಕಿಟ್ಟ ನೀರಗಡಿಯಾರದೊಳಗೆ ಅವಳ ಮುತ್ತು ಬಿದ್ದು ಹೊತ್ತು ಮೀರಿತು ಎಂಬ ಕಥೆ ಎಲ್ಲರಿಗೂ ಗೊತ್ತು. ಆ ಕಥೆ ಭಾಸ್ಕರರ ಗ್ರಂಥದಲ್ಲಿ ಇಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರಸಿ ಅನುವಾದದಲ್ಲಿ ಇದೆ, ಅಂದರೆ ನಾಲ್ಕು ಶತಮಾನ ಕಳೆದ ಮೇಲೆ.

ಒಂದು ತಪ್ಪು ಇಷ್ಟು ದೂರ ನಡೆಯುವುದು ಹೇಗೆ? ನಕಲಿನಿಂದ. ಅಮೆರಿಕದ ಫ್ರೆಡ್ ವರ್ತ್ ಎಂಬಾತ 1974ರಲ್ಲಿ ಚಿಲ್ಲರೆ ಸಂಗತಿಗಳದ್ದೇ ಒಂದು ವಿಶ್ವಕೋಶ ತಂದ. ಯಾರಾದರೂ ಕದ್ದರೆ ಗೊತ್ತಾಗಲಿ ಎಂದು ಅದರಲ್ಲಿ ಬೇಕೆಂದೇ ಒಂದು ಸುಳ್ಳು ಹುಗಿದಿಟ್ಟ. ಟಿವಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂಬುದೇ ಆ ಸುಳ್ಳು. ಧಾರಾವಾಹಿಯಲ್ಲಿ ಅಂಥ ಹೆಸರು ಎಲ್ಲೂ ಇರಲಿಲ್ಲ. ಕೆಲ ವರ್ಷಗಳಲ್ಲಿ ಟ್ರಿವಿಯಲ್ ಪರ್ಸ್ಯೂಟ್ ಎಂಬ ಆಟ ಜಗತ್ತಿನಾದ್ಯಂತ ಮಾರಾಟವಾಯಿತು. ಅದರ ಚೀಟಿಯೊಂದರಲ್ಲಿ ಫಿಲಿಪ್ ಹಾಜರ್! ವರ್ತ್ 1984ರಲ್ಲಿ 30 ಕೋಟಿ ಡಾಲರ್ ಕೇಳಿ ದಾವೆ ಹೂಡಿದ. ಆಟದವರು ಅವನ ಪುಸ್ತಕ ನೋಡಿದ್ದನ್ನು ಅಲ್ಲಗಳೆಯಲಿಲ್ಲ. ಆದರೂ ಸಂಗತಿಗಳು ಯಾರೊಬ್ಬರ ಸೊತ್ತೂ ಅಲ್ಲವೆಂದು ನ್ಯಾಯಾಲಯ ಹೇಳಿತು, ವರ್ತ್ ಸೋತ.

ತಪ್ಪಿನ ಜಾಡು ಹಿಡಿದು ನಕಲನ್ನು ಪತ್ತೆಹಚ್ಚುವ ಈ ವಿದ್ಯೆ ವಿಜಯಪುರದ ಜನಕ್ಕೆ ಹೊಸದಾಗಬೇಕಿಲ್ಲ. ಎರಡು ತಾಳೆಗರಿ ಕಟ್ಟುಗಳಲ್ಲಿ ಒಂದೇ ಜಾಗದಲ್ಲಿ ಒಂದೇ ತಪ್ಪು ಇದ್ದರೆ ಒಂದು ಇನ್ನೊಂದರ ಪ್ರತಿ, ಇಲ್ಲವೇ ಎರಡಕ್ಕೂ ಮೂಲ ಒಂದೇ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ವಕೀಲಿ ಬಿಟ್ಟು ಮನೆಮನೆ ಅಲೆದು ವಚನಗಳ ತಾಳೆಗರಿ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದ ಫ.ಗು. ಹಳಕಟ್ಟಿಯವರ ಕರ್ಮಭೂಮಿ ವಿಜಯಪುರ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಕನ್ನಡ ಗ್ರಂಥಸಂಪಾದನ ಶಾಸ್ತ್ರದ ಬಗ್ಗೆಯೇ ಪುಸ್ತಕ ಬರೆದರು, ಸಮಗ್ರ ವಚನ ಸಂಪುಟಗಳ ಸಂಪಾದನೆಯ ನೊಗ ಹೊತ್ತರು. ಐವತ್ತು ಪ್ರತಿಗಳಲ್ಲಿ ಇದೆ ಎಂದ ಮಾತ್ರಕ್ಕೆ ಒಂದು ಪಾಠ ಸರಿಯಾಗುವುದಿಲ್ಲ, ಐವತ್ತೂ ಒಂದರಿಂದಲೇ ಇಳಿದಿರಬಹುದು. ಇದು ತಾಳೆಗರಿಗೆ ಎಷ್ಟು ನಿಜವೋ ವಾಟ್ಸ್ಆ್ಯಪ್ ಗುಂಪಿಗೂ ಅಷ್ಟೇ ನಿಜ.

ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗ ಹುಡುಗಿಯರಿಗೆ ಇದು ಅನುಭವಕ್ಕೆ ಬಂದಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಲೋಕಸೇವಾ ಆಯೋಗ ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುತ್ತದೆ. ಆಕ್ಷೇಪಿಸುವವರು ಆಧಾರ ಕೊಡಬೇಕು. ಕೋಚಿಂಗ್ ಕ್ಲಾಸಿನ ನೋಟ್ಸ್, ಗೈಡು ಎರಡೂ ಅಲ್ಲಿ ಬಡವಾಗುತ್ತವೆ. ಆಗ ಮೊದಲ ಬಾರಿಗೆ ಗ್ಯಾಸೆಟಿಯರ್ ಎಲ್ಲಿ ಸಿಗುತ್ತದೆ, ಮೂಲ ಆದೇಶ ಯಾವುದು ಎಂದು ಹುಡುಕಾಟ ಶುರು. ಒಂದು ಅಂಕದ ಆಸೆ ಸಂಶೋಧಕರನ್ನು ಹುಟ್ಟಿಸುತ್ತದೆ.

ಇಂಡಿಯ ಕಡೆ ಹೊರಳಿದರೆ ಅಲ್ಲಿ ಎಲ್ಲದಕ್ಕೂ ಲಿಂಬೆಯೇ. ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೇ ಇಂಡಿಯಲ್ಲಿ. ಲಿಂಬೆಯ ಬಗ್ಗೆ ಹರಿದಾಡುವ ಸಂಗತಿಗಳಿಗೂ ಬರವಿಲ್ಲ. ಫ್ರಿಜ್ಜಿನಲ್ಲಿ ಗಟ್ಟಿಮಾಡಿದ ಲಿಂಬೆಹಣ್ಣು ಕ್ಯಾನ್ಸರಿನ ಕಿಮೊಥೆರಪಿಗಿಂತ ಹತ್ತು ಸಾವಿರ ಪಟ್ಟು ಬಲಶಾಲಿ ಎಂಬ ಸಂದೇಶ ಎಷ್ಟೋ ವರ್ಷಗಳಿಂದ ಅನೇಕ ಭಾಷೆಗಳಲ್ಲಿ ಸುತ್ತುತ್ತಿದೆ. ಪ್ರಯೋಗಾಲಯದ ತಟ್ಟೆಯಲ್ಲಿ ಲಿಂಬೆ ಜಾತಿಯ ಕೆಲವು ರಾಸಾಯನಿಕಗಳನ್ನು ಜೀವಕೋಶಗಳ ಮೇಲೆ ಪರೀಕ್ಷಿಸಿದ್ದು ನಿಜ. ರೋಗಿಗಳನ್ನು ಅದು ಗುಣಪಡಿಸಿದ ಪುರಾವೆ ಇಲ್ಲ. 2021ರ ಕೋವಿಡ್ ಅಲೆಯಲ್ಲಿ ಮೂಗಿಗೆ ಲಿಂಬೆರಸ ಬಿಟ್ಟುಕೊಂಡರೆ ಆಮ್ಲಜನಕ ಏರುತ್ತದೆ ಎಂಬ ಮಾತು ರಾಜ್ಯದ ಹೆಸರಾಂತವರೊಬ್ಬರ ಬಾಯಿಂದಲೇ ಬಂತು. ಅದು ಸುಳ್ಳೆಂದು ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯ ಸತ್ಯಪರಿಶೀಲನಾ ವಿಭಾಗ ಹೇಳಬೇಕಾಯಿತು.

ಒಳ್ಳೆಯ ಕಥೆ ಇರುವುದು ಬೇರೆ ಕಡೆ. ಲಿಂಬೆ ‘ಸಿ’ ಜೀವಸತ್ವದ ರಾಜ ಎನ್ನುತ್ತಾರೆ. ನೂರು ಗ್ರಾಂ ಲಿಂಬೆಯಲ್ಲಿ ಅದು ಸುಮಾರು 30 ಮಿಲಿಗ್ರಾಂ, ಅಷ್ಟೇ ತೂಕದ ಪೇರಲ ಹಣ್ಣಿನಲ್ಲಿ 200ಕ್ಕೂ ಹೆಚ್ಚು. ಬ್ರಿಟಿಷ್ ನಾವಿಕರ ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ಕಿತ್ತಳೆ ಮತ್ತು ದಪ್ಪ ಹಳದಿ ನಿಂಬೆ ಮದ್ದು ಎಂದು ಜೇಮ್ಸ್ ಲಿಂಡ್ 1747ರಲ್ಲಿ ಹನ್ನೆರಡು ರೋಗಿಗಳನ್ನು ಜೋಡಿ ಜೋಡಿಯಾಗಿ ವಿಂಗಡಿಸಿ ಪರೀಕ್ಷಿಸಿ ಕಂಡುಕೊಂಡ. ಮುಂದಿನ ಶತಮಾನದಲ್ಲಿ ನೌಕಾಪಡೆ ತನ್ನದೇ ವಸಾಹತಿನ ಮಾಲು ಎಂದು ವೆಸ್ಟ್ ಇಂಡೀಸಿನ ಸಣ್ಣ ಲಿಂಬೆಗೆ ಬದಲಾಯಿಸಿತು. ಅದು ನಮ್ಮ ಇಂಡಿಯ ಕಾಗ್ಜಿ ಲಿಂಬೆಯ ಜಾತಿಯದೇ. ಹುಳಿ ಹೆಚ್ಚು, ಹಾಗಾಗಿ ಗುಣವೂ ಹೆಚ್ಚೆಂದು ಭಾವಿಸಿದರು. ರಸ ದಾಸ್ತಾನಾಗಿ ಹಳತಾದಂತೆ ಇದ್ದ ಸತ್ವವೂ ಹೋಯಿತು. 1875ರಲ್ಲಿ ಉತ್ತರ ಧ್ರುವದತ್ತ ಹೊರಟ ನೇರ್ಸ್ ನಾಯಕತ್ವದ ತಂಡ ಲಿಂಬೆರಸ ಹೊತ್ತುಕೊಂಡೇ ಹೋಗಿ ಸ್ಕರ್ವಿಗೆ ತುತ್ತಾಯಿತು. ಲಿಂಬೆರಸದಿಂದ ನಾವಿಕರು ಬದುಕಿದರು ಎಂಬ ಸಂಗತಿಯ ಅರ್ಧವನ್ನಷ್ಟೇ ಪುಸ್ತಕಗಳು ಹೇಳುತ್ತವೆ.

ಹುಷಾರಾಗಿರಬೇಕಾದದ್ದು ಸಂಗತಿಯ ಎದುರು ಮಾತ್ರವಲ್ಲ, ಅದನ್ನು ಸುಳ್ಳೆನ್ನುವವರ ಎದುರೂ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಹೇರಳ ಎಂಬ ನಂಬಿಕೆ ಬಂದದ್ದು ಜರ್ಮನ್ ವಿಜ್ಞಾನಿಯೊಬ್ಬ ದಶಮಾಂಶದ ಚುಕ್ಕಿ ತಪ್ಪಾಗಿ ಇಟ್ಟಿದ್ದರಿಂದ ಎಂದು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ 1981ರಲ್ಲಿ ಲೇಖನವೊಂದು ಬಂತು. ಮೂಢನಂಬಿಕೆ ಬಯಲಿಗೆಳೆಯುವವರೆಲ್ಲ ಅದನ್ನು ಎತ್ತಿ ಹೇಳಿದರು. ಮೂವತ್ತು ವರ್ಷದ ಆಸುಪಾಸಿನಲ್ಲಿ ಮೈಕ್ ಸಟನ್ ಎಂಬಾತ ಮೂಲ ಕಾಗದಪತ್ರ ಹುಡುಕಿದಾಗ ಅಂಥ ಚುಕ್ಕಿಯ ತಪ್ಪಿಗೆ ಪುರಾವೆಯೇ ಸಿಗಲಿಲ್ಲ. ಮಿಥ್ಯೆ ಒಡೆಯಲು ಬಂದ ಕಥೆಯೇ ಮಿಥ್ಯೆ.

ಕೂತಲ್ಲೇ ತೀರ್ಮಾನ ಮಾಡಲಾಗದ ಸಂಗತಿಗಳೂ ಇವೆ, ಅವಕ್ಕೆ ಎದ್ದು ಹೋಗಬೇಕು. ವಿಜಯಪುರದ ಮಲಿಕ್-ಎ-ಮೈದಾನ್ ತೋಪು ಕಡುಬೇಸಿಗೆಯಲ್ಲೂ ತಣ್ಣಗಿರುತ್ತದೆ ಎಂಬುದು ಅಂಥದ್ದು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ, 55 ಟನ್ ತೂಕದ್ದೆಂದು ಹೇಳುವ ಈ ತೋಪನ್ನು ಬ್ರಿಟಿಷರು 1854ರಲ್ಲಿ ಬರೀ 150 ರೂಪಾಯಿಗೆ ಹರಾಜು ಹಾಕಿ, ಆಮೇಲೆ ಹರಾಜನ್ನೇ ರದ್ದು ಮಾಡಿದರು. ಅಷ್ಟು ದಪ್ಪದ ಲೋಹ ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ನಿಧಾನಕ್ಕೆ ಕಾಯುತ್ತದೆ, ಬೆಳಗ್ಗೆ ಹೋಗಿ ಮುಟ್ಟಿದವರಿಗೆ ತಣ್ಣಗೆ ಅನಿಸಲೇಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಬಿಸಿಲು ಬಿದ್ದ ಮಗ್ಗುಲಿನಲ್ಲಿ ಎಷ್ಟಿರುತ್ತದೆ ಎಂಬುದನ್ನು ಅಳೆದೇ ನೋಡಬೇಕು. ಕೋವಿಡ್ ಕಾಲದಲ್ಲಿ ಕಚೇರಿ ಕಚೇರಿಗೆ ಬಂದ, ಹಣೆಗೆ ಹಿಡಿಯುವ ಥರ್ಮಾಮೀಟರ್ ಗನ್ ಇದಕ್ಕೆ ಸಾಲದು. ಅದು ಮನುಷ್ಯರ ಜ್ವರದ ಆಚೆಗಿನ ಶಾಖ ತೋರಿಸುವುದಿಲ್ಲ, ಹೊಳೆಯುವ ಲೋಹದ ಮೇಲೆ ಲೆಕ್ಕವೂ ತಪ್ಪುತ್ತದೆ. ತೋಪಿನ ಮೈಗೇ ತಾಗಿಸಿ ಅಳೆಯುವ ಥರ್ಮಾಮೀಟರೇ ಬೇಕು. ಹತ್ತಿರದಲ್ಲಿ ಬಿಸಿಲಿಗೇ ಬಿದ್ದಿರುವ ಕಲ್ಲೊಂದನ್ನೂ ಅದೇ ಹೊತ್ತಿನಲ್ಲಿ ಅಳೆದು ಎರಡು ಅಂಕಿಗಳನ್ನು ತಾರೀಖು, ಗಂಟೆ ಸಮೇತ ಪಕ್ಕಪಕ್ಕದಲ್ಲಿ ಬರೆದುಕೊಳ್ಳಬೇಕು.